ಬೆಣ್ಣೆ ತರಲು ಹೋದ ಶುಕ್ರವಾರ

2019ರ ಆಗಸ್ಟ್ 23. ಗೋಕುಲಾಷ್ಟಮಿ. ಬರ್ಲಿನ್‌ನ ಮೋಆಬಿಟ್‌ನಲ್ಲಿದ್ದ ನಮ್ಮ ಎರಡು ಕೋಣೆಯ ಮನೆಯಲ್ಲಿ ಬೆಣ್ಣೆ ಮುಗಿದಿತ್ತು.

ಬೇರೆ ಹಬ್ಬವಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಕೃಷ್ಣನಿಗೆ ಬೆಣ್ಣೆ ಇಲ್ಲ ಅಂದರೆ ಅಮ್ಮ ಬಿಡುತ್ತಾಳಾ? ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ ಮೂರರ ಸಮಯ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದೆ. ಅಲ್ಲಿಂದ ಅಮ್ಮ ಒಂದೊಂದೇ ಸಾಮಾನು ಲೆಕ್ಕ ಹಾಕುತ್ತಿದ್ದಳು. ಅವಲಕ್ಕಿ ಇದೆ. ಬೆಲ್ಲ ಇದೆ. ಚಕ್ಕುಲಿ ಒರಳನ್ನು ಹೋದ ವರ್ಷ ಸೂಟ್‌ಕೇಸಿನಲ್ಲಿ ತಂದಿದ್ದೆ. ಬೆಣ್ಣೆ?

"ಎದುರಿನ ಅಂಗಡಿಗೆ ಓಡಿ ತಗೊಂಡ್ ಬಾರೆ. ಉಪ್ಪು ಹಾಕಿದ್ದು ತಂದ್ಬಿಟ್ಟೀಯ, ಜೋಕೆ."

ಅಂಗಡಿ ಎದುರಿಗೇನೂ ಇಲ್ಲ. ಟುರ್ಮ್‌ಸ್ಟ್ರಾಸೆ ಅನ್ನೋ ರಸ್ತೆಯಲ್ಲಿದೆ. ಅಲ್ಲಿಗೆ ಹೋಗಲು ಕ್ಲೈನರ್ ಟೀರ್‌ಗಾರ್ಟನ್ ಪಾರ್ಕ್ ದಾಟಬೇಕು. ಹೆಸರಿನ ಅರ್ಥ ಚಿಕ್ಕ ಪ್ರಾಣಿತೋಟ. ಪ್ರಾಣಿ ಒಂದೂ ಇಲ್ಲ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ದೊಡ್ಡ ಟೀರ್‌ಗಾರ್ಟನ್ ಬೇರೆ. ಇದು ಉದ್ದಕ್ಕೆ ಚಾಚಿಕೊಂಡಿರುವ ಓಣಿಯಂಥ ಪಾರ್ಕ್. ಬೆಂಚಿನ ಮೇಲೆ ಬಿಯರ್ ಹಿಡಿದು ಕೂತವರು, ಖಾಲಿ ಬಾಟಲಿ ಆಯುವ ಮುದುಕರು, ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ಟರ್ಕಿಶ್, ಅರಬ್ ತಾಯಂದಿರು, ಮರಗಳ ಮೇಲೆ ಎದ್ದು ನಿಂತ ಚರ್ಚಿನ ಗೋಪುರ. ನಾನು ಅಲ್ಲಿ ದಿನಾ ಓಡಾಡುತ್ತಿದ್ದೆ. ಅಲ್ಲಿ ಯಾರೂ ಯಾರನ್ನೂ ಯಾವೂರು ಅಂತ ಕೇಳುವುದಿಲ್ಲ. ನನಗೆ ಅದೇ ಇಷ್ಟವಾಗಿತ್ತು.

ಹನ್ನೊಂದೂವರೆ ದಾಟಿತ್ತು. ಅದೇ ದಾರಿಯಲ್ಲಿ ಹೋದೆ. ಅಂಗಡಿಯಲ್ಲಿ ಉಪ್ಪಿಲ್ಲದ ಬೆಣ್ಣೆ ಎರಡು ಪ್ಯಾಕೆಟ್ ತಗೊಂಡೆ. ಹಾಗೇ ಕೊತ್ತಂಬರಿ ಸೊಪ್ಪು, ಮಗಳಿಗೆ ಬಾಳೆಹಣ್ಣು. ಕ್ಯೂ ಸ್ವಲ್ಪ ಉದ್ದ ಇತ್ತು. ವಾಪಸ್ ಬರುವಾಗ ಹನ್ನೆರಡೂ ಕಾಲು ಆಗಿರಬೇಕು. ಪಾರ್ಕಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು.

ಪೊಲೀಸ್ ಗಾಡಿಗಳು. ಆಂಬುಲೆನ್ಸ್. ನಾನು ಒಂಟಿಯಾಗಿ ಏನಲ್ಲ, ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಒಬ್ಬ ಪೊಲೀಸ್ ಹುಡುಗಿ, ಇಪ್ಪತ್ತೈದೂ ಇರಲಾರದು, ಎರಡೂ ಕೈ ಚಾಚಿ ಹಿಂದೆ ಸರಿಯಿರಿ ಅಂತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಏನಾಯ್ತು ಅಂತ ಪಕ್ಕದ ಹೆಂಗಸನ್ನು ಕೇಳಿದೆ. ಗುಂಡು ಹೊಡೆದಿದ್ದಾರಂತೆ, ಒಬ್ಬ ಸತ್ತನಂತೆ ಅಂದಳು. ಹಿಂದಿದ್ದವನೊಬ್ಬ, ಗ್ಯಾಂಗಿನವರ ಜಗಳ, ಗಾಂಜಾ ದುಡ್ಡಿನ ವಿಷಯ ಅಂತ ತಾನೇ ಕಂಡವನ ಹಾಗೆ ಹೇಳಿದ.

ನಾನು ಸುಮ್ನೆ ತಲೆಯಾಡಿಸಿದೆ. ಸುಳ್ಳು ಹೇಳಲ್ಲ, ಒಂಥರಾ ನಿರಾಳ ಆಯಿತು. ಗ್ಯಾಂಗಿನವರು ಅಂದರೆ ನಮ್ಮಂಥವರಿಗೆ ಸಂಬಂಧ ಇಲ್ಲ ಅಲ್ವಾ? ಬಿಸಿಲು ಚೆನ್ನಾಗಿತ್ತು. ಕೈಚೀಲದಲ್ಲಿ ಬೆಣ್ಣೆ ಮೆತ್ತಗಾಗುತ್ತಿತ್ತು. ಪಟ್ಟಿಯ ಆಚೆ ಏನೂ ಕಾಣಲಿಲ್ಲ, ಮರಗಳು ಮತ್ತು ಪೊಲೀಸರ ಬೆನ್ನು ಅಷ್ಟೇ. ಸುತ್ತು ಹಾಕಿಕೊಂಡು ಮನೆಗೆ ಬಂದೆ. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಹಾಕಿದರೆ ಅದು ಅಲ್ಲೇ ಕರಗಿ ಹರಿಯಿತು.

ಸಂಜೆ ಮಗಳು ಶಿಶುವಿಹಾರದಿಂದ ಬಂದ ಮೇಲೆ ಬಾಗಿಲಿನಿಂದ ದೇವರ ಗೂಡಿನವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಪಾದ ಬರೆದೆವು. ಮುಷ್ಟಿ ಅದ್ದಿ ಒತ್ತಿದರೆ ಅಂಗಾಲು, ಬೆರಳ ತುದಿಯಿಂದ ಐದು ಚುಕ್ಕೆ. ಮಗಳು ಒಂದು ಪಾದಕ್ಕೆ ಏಳು ಬೆರಳಿಟ್ಟಳು. ಅಷ್ಟರಲ್ಲಿ ಅಮ್ಮನ ಫೋನ್. ಯಾವುದೋ ಚಾನೆಲ್‌ನಲ್ಲಿ ಕೆಳಗೆ ಓಡುವ ಸಾಲಿನಲ್ಲಿ ಬರ್ಲಿನ್ ಅಂತ ಓದಿದ್ದಳು.

"ಅದೇನೇ ಅದು, ನಿಮ್ ಮನೆ ಹತ್ರಾನಾ?"

"ಇಲ್ಲಮ್ಮ, ದೂರ" ಅಂದೆ.

ಅವತ್ತು ಪತ್ರಿಕೆಗಳಲ್ಲಿ ಸತ್ತವನಿಗೆ ಹೆಸರಿರಲಿಲ್ಲ. ಜಾರ್ಜಿಯಾ ದೇಶದ 40 ವರ್ಷದ ವ್ಯಕ್ತಿ, ಅಷ್ಟೇ. ಆಮೇಲೆ ತೊರ್ನಿಕೆ ಅನ್ನುವ ಹೆಸರು ಬಂತು. ಇನ್ನೂ ಸ್ವಲ್ಪ ದಿನಕ್ಕೆ ಅದೂ ಜರ್ಮನಿಯಲ್ಲಿ ಇಟ್ಟುಕೊಂಡಿದ್ದ ಹೆಸರು ಅಂತಾಯಿತು. ನಿಜವಾದ ಹೆಸರು ಜೆಲಿಮ್‌ಖಾನ್ ಖಾಂಗೋಶ್ವಿಲಿ. ರಷ್ಯಾದ ದಕ್ಷಿಣ ಅಂಚಿನ ಚೆಚೆನ್ಯಾ ಪ್ರಾಂತ್ಯದಲ್ಲಿ ರಷ್ಯಾ ಸೇನೆಯ ವಿರುದ್ಧ ಹೋರಾಡಿದ ಕಮಾಂಡರ್.

ಒಂದು ಸೋಮವಾರ ಆಫೀಸಿನಲ್ಲಿ ಇದನ್ನು ಹೇಳಿದಾಗ ನನ್ನ ಪಕ್ಕದ ಮೇಜಿನವಳು ಕೆಲಸ ನಿಲ್ಲಿಸಿ ಕುರ್ಚಿ ತಿರುಗಿಸಿದಳು. ಅವಳು ಜಾರ್ಜಿಯಾದ ತೆಲಾವಿ ಊರಿನವಳು. ಕಖೇತಿ ಪ್ರಾಂತ್ಯ, ದ್ರಾಕ್ಷಿ ತೋಟಗಳ ಸೀಮೆ.

"ಚೆಚೆನ್ ಅಂತ ಬರೀತಿದ್ದಾರೆ. ಅವನು ಕಿಸ್ತ್" ಅಂದಳು. "ದುಯಿಸಿ ಊರಿನವನು. ನಮ್ಮೂರಿಂದ ಕಾರಲ್ಲಿ ಒಂದು ಗಂಟೆಯೂ ಬೇಡ."

ಊಟದ ಹೊತ್ತಲ್ಲಿ ಕಾಗದದ ಕರವಸ್ತ್ರದ ಮೇಲೆ ಪೆನ್ನಿನಿಂದ ನಕ್ಷೆ ಬರೆದು ತೋರಿಸಿದಳು. ಮೇಲೆ ಕಾಕಸಸ್ ಪರ್ವತದ ಹಲ್ಲುಹಲ್ಲು ಗೆರೆ. ಆಚೆ ಚೆಚೆನ್ಯಾ, ಈಚೆ ಪಾಂಕಿಸಿ ಕಣಿವೆ, ಕಣಿವೆಯ ನಡುವೆ ಅಲಜಾನಿ ನದಿ. ನದಿ ಪಕ್ಕ ಒಂದು ಚುಕ್ಕೆ, ದುಯಿಸಿ. ಪರ್ವತದಾಚೆಯಿಂದ 19ನೇ ಶತಮಾನದಲ್ಲಿ ಇಳಿದು ಬಂದು ನೆಲೆಸಿದ ಚೆಚೆನ್ನರೇ ಕಿಸ್ತರು. ಮನೆಯಲ್ಲಿ ಚೆಚೆನ್ ಮಾತು, ಹೆಸರಿನ ಕೊನೆಗೆ ಜಾರ್ಜಿಯಾದವರ 'ಶ್ವಿಲಿ'. ಅಂದರೆ ಮಗು, ಸಂತಾನ ಅಂತ. 1944ರ ಫೆಬ್ರುವರಿ 23ಕ್ಕೆ ಸ್ಟಾಲಿನ್ ಆಚೆ ಬದಿಯ ಚೆಚೆನ್ನರನ್ನೂ ಇಂಗುಶರನ್ನೂ, ಹತ್ತಿರ ಹತ್ತಿರ 5 ಲಕ್ಷ ಜನರನ್ನು, ದನದ ಬೋಗಿಗಳಲ್ಲಿ ತುಂಬಿ ಕಜಕಸ್ತಾನ, ಕಿರ್ಗಿಜ್ ಕಡೆಗೆ ಸಾಗಿಸಲು ಶುರು ಮಾಡಿದ. ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ಚೆಚೆವಿತ್ಸಾ'. ರಷ್ಯನ್ನಿನಲ್ಲಿ ಮಸೂರ ಬೇಳೆ ಅಂತ ಅರ್ಥವಂತೆ. ನಾನು ತಿನ್ನುತ್ತಿದ್ದದ್ದು ಅದೇ ಬೇಳೆಯ ಸೂಪು. ಚಮಚ ಕೆಳಗಿಟ್ಟೆ. ಬದುಕಿದವರು ಊರಿಗೆ ಮರಳಲು ದಾರಿಯಾದದ್ದು 1957ರಲ್ಲಿ. ಈಚೆ ಬದಿಯ ಕಿಸ್ತರು ಮಾತ್ರ ಜಾರ್ಜಿಯಾದಲ್ಲಿದ್ದರು ಅನ್ನೋ ಕಾರಣಕ್ಕೆ ಆ ರೈಲಿನಿಂದ ಉಳಿದುಕೊಂಡರು.

ಜೆಲಿಮ್‌ಖಾನ್ ಹುಟ್ಟಿದ್ದು 1979ರಲ್ಲಿ. 1999ರಲ್ಲಿ, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚೆನ್ಯಾದಲ್ಲಿ ಎರಡನೇ ಯುದ್ಧ ಶುರುವಾದಾಗ ಇಪ್ಪತ್ತರ ಹುಡುಗ. ಪರ್ವತ ದಾಟಿ ಸಾವಿರಾರು ನಿರಾಶ್ರಿತರು ಪಾಂಕಿಸಿಗೆ ಬಂದರು. ಹಿಮದಲ್ಲಿ ನಡೆದು ಬಂದವರು, ಮಕ್ಕಳನ್ನು ಎತ್ತಿಕೊಂಡವರು. ದುಯಿಸಿಯಲ್ಲಿ ಒಂದೊಂದು ಮನೆಯಲ್ಲೂ ಎರಡು ಮೂರು ಸಂಸಾರ. ಅವನು ಜಾರ್ಜಿಯಾದ ಪ್ರಜೆ. ಆ ಯುದ್ಧ ಅವನ ದೇಶದ್ದಲ್ಲ, ಯಾರೂ ಕರೆದಿರಲೂ ಇಲ್ಲ. ಎದ್ದು ಆಚೆ ಬದಿಗೆ ಹೋದ. ಕೆಲವು ವರ್ಷ ಕಾಡಿನಲ್ಲಿ, ಚೆಚೆನ್ ಅಧ್ಯಕ್ಷ ಅಸ್ಲಾನ್ ಮಸ್ಖಾದೋವ್ ಕಡೆಯವನಾಗಿ ಹೋರಾಡಿದ. ಮಸ್ಖಾದೋವ್ 2005ರ ಮಾರ್ಚಿನಲ್ಲಿ ಕೊಲೆಯಾದರು. ಇವನು ಜಾರ್ಜಿಯಾಕ್ಕೆ ವಾಪಸಾದ.

2008ರ ಆಗಸ್ಟಿನಲ್ಲಿ ರಷ್ಯಾ ಜಾರ್ಜಿಯಾದೊಳಗೇ ನುಗ್ಗಿತು. ಈ ಸಲ ಅವನದೇ ದೇಶ. ಸ್ವಯಂಸೇವಕರ ದಳ ಕಟ್ಟಿದ. ಅದು ಕಣಕ್ಕಿಳಿಯುವ ಮೊದಲೇ ಐದು ದಿನದ ಯುದ್ಧ ಮುಗಿದುಹೋಯಿತು. 2012ರಲ್ಲಿ ಲೋಪೋತಾ ಕಣಿವೆಯಲ್ಲಿ ಬಂದೂಕುಧಾರಿಗಳ ಗುಂಪೊಂದಕ್ಕೂ ಜಾರ್ಜಿಯಾ ಪಡೆಗೂ ಮುಖಾಮುಖಿಯಾದಾಗ ಮಾತುಕತೆಗೆ ಮಧ್ಯಸ್ಥಿಕೆ ವಹಿಸಿದವರಲ್ಲಿ ಇವನೂ ಒಬ್ಬ. 2015ರ ಮೇನಲ್ಲಿ ತ್ಬಿಲಿಸಿಯಲ್ಲಿ ಅವನ ಮೇಲೆ ಗುಂಡು ಹಾರಿಸಿದರು. ಗಾಯಗೊಂಡು ಉಳಿದ. ಅಲ್ಲಿಂದ ಉಕ್ರೇನ್, ಅಲ್ಲಿಂದ ಜರ್ಮನಿ. 2016ರ ಕೊನೆಗೆ ಇಲ್ಲಿದ್ದ. ಹೆಂಡತಿ, ಮಕ್ಕಳು, ಬೇರೆ ಹೆಸರು, ಜೊತೆಗೆ ಆಶ್ರಯ ಕೋರಿದ ಒಂದು ಅರ್ಜಿ. ಮೊದಲ ಸುತ್ತಿನಲ್ಲಿ ಅರ್ಜಿ ತಿರಸ್ಕಾರವಾಗಿತ್ತು. ಮೇಲ್ಮನವಿ ಇನ್ನೂ ಮುಗಿದಿರಲಿಲ್ಲ.

ಅರ್ಜಿ ಅಂದಾಗ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ನಮ್ಮನೆಯಲ್ಲೂ ಒಂದು ಹಸಿರು ಫೈಲ್ ಇದೆ. ಪಾಸ್‌ಪೋರ್ಟ್ ಪ್ರತಿ, ಸಂಬಳದ ಚೀಟಿ, ಬಾಡಿಗೆ ಕರಾರು, ವೀಸಾ ಕಚೇರಿಯ ಪತ್ರಗಳು. ಬೆಂಕಿ ಬಿದ್ದರೆ ಚಿನ್ನ ಬಿಟ್ಟು ಇದನ್ನು ಎತ್ಕೋ ಅಂತ ಗಂಡನಿಗೆ ಹೇಳಿದ್ದೇನೆ. ಆದರೆ ನನ್ನ ಅರ್ಜಿ ತಿರಸ್ಕಾರವಾದರೆ ಜಾಸ್ತಿ ಅಂದರೆ ಬೆಂಗಳೂರಿನ ವಿಮಾನ ಹತ್ತಬೇಕು. ಮನೆಯಲ್ಲಿ ಅಮ್ಮ ಬಿಸಿ ಕಾಫಿ ಕೊಡುತ್ತಾಳೆ. ಇಬ್ಬರೂ ಅದೇ ಪಾರ್ಕಿನಲ್ಲಿ, ಎದೆಗೊಂದು ಫೈಲ್ ಅವುಚಿಕೊಂಡು ಓಡಾಡುವವರು ಅಂದುಕೊಂಡರೆ ಅದು ನನ್ನ ಜಂಬ ಅಷ್ಟೇ.

ಆ ಶುಕ್ರವಾರ ಅವನು ನಮಾಜಿಗೆ ಹೊರಟಿದ್ದ. ಹನ್ನೆರಡಕ್ಕೆ ಸ್ವಲ್ಪ ಮೊದಲು ಹಿಂದಿನಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ಸದ್ದಡಗಿಸುವ ಕೊಳವೆ ಹಾಕಿದ ಪಿಸ್ತೂಲು. ಮೊದಲು ಮೈಗೆ, ಬಿದ್ದ ಮೇಲೆ ತಲೆಗೆ. ಮತ್ತೆ ಸೈಕಲ್ ತುಳಿದುಕೊಂಡು ಶ್ಪ್ರೇ ನದಿ ಕಡೆಗೆ ಹೋದ. ಪೊದೆಯಲ್ಲಿ ಬಟ್ಟೆ ಬದಲಿಸಿ, ಸೈಕಲ್, ಪಿಸ್ತೂಲು, ಟೋಪನ್ ಎಲ್ಲವನ್ನೂ ನೀರಿಗೆ ಹಾಕಿದ. ತಪ್ಪಿಸಿಕೊಳ್ಳಲು ಎಲೆಕ್ಟ್ರಿಕ್ ಸ್ಕೂಟರ್ ಮೊದಲೇ ನಿಲ್ಲಿಸಿಟ್ಟಿದ್ದ. ಇಷ್ಟೆಲ್ಲ ಲೆಕ್ಕ ಹಾಕಿದವನನ್ನು ಹಿಡಿದುಕೊಟ್ಟದ್ದು ಇಬ್ಬರು ಹುಡುಗರು. ನದಿ ದಂಡೆಯಲ್ಲಿ ಇವನ ಅವತಾರ ನೋಡಿ ಪೊಲೀಸರಿಗೆ ಫೋನ್ ಮಾಡಿದರು. ಕೆಲವೇ ನಿಮಿಷದಲ್ಲಿ ಸಿಕ್ಕಿಬಿದ್ದ. ಪಾಸ್‌ಪೋರ್ಟಿನಲ್ಲಿ ಹೆಸರು ವಾದಿಮ್ ಸೊಕೊಲೊವ್. ಅದೂ ಸುಳ್ಳು ಹೆಸರು. ನಿಜವಾದದ್ದು ವಾದಿಮ್ ಕ್ರಾಸಿಕೋವ್. ಮೈಮೇಲಿನ ಹಚ್ಚೆಗಳು ಹಳೆಯ ಫೋಟೋಗಳಿಗೆ ತಾಳೆಯಾಗಿ ಗುರುತು ಸಿಕ್ಕಿತು. ಯೋಚಿಸಿ, ಸತ್ತವನಿಗೂ ಇನ್ನೊಂದು ಹೆಸರು, ಕೊಂದವನಿಗೂ ಇನ್ನೊಂದು ಹೆಸರು.

ಸತ್ತವನನ್ನು ನಾನು ಎಂದಾದರೂ ನೋಡಿದ್ದೆನಾ ಅಂತ ಎಷ್ಟೋ ದಿನ ಯೋಚಿಸಿದೆ. ಫೋಟೋದಲ್ಲಿ ಗಡ್ಡದ, ಸಾಮಾನ್ಯ ಮುಖದ ಮನುಷ್ಯ. ಅಂಥವರು ಟುರ್ಮ್‌ಸ್ಟ್ರಾಸೆಯಲ್ಲಿ ದಿನಕ್ಕೆ ನೂರು ಜನ ಸಿಗುತ್ತಾರೆ. ತರಕಾರಿ ಅಂಗಡಿಯಲ್ಲಿ ಟೊಮೆಟೊ ಹಿಸುಕಿ ನೋಡುವ ಗಂಡಸರು. ಯಾರೂ ಯಾರನ್ನೂ ಯಾವೂರು ಅಂತ ಕೇಳದ ಜಾಗ ಅಂತ ನಾನು ಮೆಚ್ಚಿಕೊಂಡಿದ್ದೆನಲ್ಲ, ಅವನಿಗೂ ಬಹುಶಃ ಅದೇ ಬೇಕಿತ್ತು. ಆದರೆ ಕೇಳಬೇಕಾದವರು ಬೇರೆ ಕಡೆಯಿಂದ ಕೇಳಿ ತಿಳಿದುಕೊಂಡೇ ಬಂದಿದ್ದರು.

ಆ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಪುಟಿನ್, ಮೆರ್ಕೆಲ್ ಎಲ್ಲ ಕೂತಿದ್ದ ಪತ್ರಿಕಾಗೋಷ್ಠಿಯಲ್ಲಿ ಪುಟಿನ್ ಅವನನ್ನು ರಕ್ತಪಿಪಾಸು ಅಂದರು. ಮಾಸ್ಕೋ ಮೆಟ್ರೋ ಸ್ಫೋಟದ ಆರೋಪವನ್ನೂ ಹೊರಿಸಿದರು. ನಾನು ಅವನನ್ನು ಸಾಧು ಅನ್ನುವುದಿಲ್ಲ. ಬಂದೂಕು ಹಿಡಿದು ವರ್ಷಗಟ್ಟಲೆ ಕಾಡಿನಲ್ಲಿದ್ದವನ ಕೈಯಿಂದ ಯಾರೂ ಸತ್ತಿಲ್ಲ ಅಂತ ನಂಬುವಷ್ಟು ಮುಗ್ಧೆ ನಾನಲ್ಲ. ಅವನ ಎದುರಿಗೆ ನಿಂತ ಆ ಕಡೆಯ ಸೈನಿಕರಿಗೂ ಅಮ್ಮಂದಿರಿದ್ದರು. ಆದರೆ ಆರೋಪ ಇದ್ದರೆ ಕೋರ್ಟಿದೆ, ಅವನ ಬಾಯಿಂದ ಕೇಳಲು ಒಂದು ಅವಕಾಶ ಇದೆ. ಬೆನ್ನ ಹಿಂದಿನಿಂದ ಸೈಕಲ್ಲಿನಲ್ಲಿ ಬರುವುದು ಯಾವ ವಿಚಾರಣೆ?

2021ರ ಡಿಸೆಂಬರ್ 15ರಂದು ಬರ್ಲಿನ್ ಕೋರ್ಟು ಕ್ರಾಸಿಕೋವ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೊಲೆಯ ಆದೇಶ ರಷ್ಯಾ ಸರ್ಕಾರದ್ದೇ, ಇದು ಸರ್ಕಾರ ನಡೆಸಿದ ಭಯೋತ್ಪಾದನೆ ಅಂತ ನ್ಯಾಯಾಧೀಶರು ಹೇಳಿದರು. ರಷ್ಯಾ ಒಪ್ಪಲಿಲ್ಲ.

ತೆಲಾವಿಯ ಗೆಳತಿ ಅಷ್ಟರಲ್ಲಿ ಆಫೀಸು ಬಿಟ್ಟು ಊರಿಗೆ ಹೊರಟಿದ್ದಳು. ಕೊನೆಯ ದಿನ ಅದೇ ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ತಂದ ಚೀಸ್ ರೊಟ್ಟಿ ತಿಂದೆವು. ದುಯಿಸಿಯ ಹಳೆಯ ಮಸೀದಿಯಲ್ಲಿ ಶುಕ್ರವಾರ ಹೆಂಗಸರೇ ಸೇರಿ ವೃತ್ತದಲ್ಲಿ ಸುತ್ತುತ್ತಾ, ಚಪ್ಪಾಳೆ ತಟ್ಟುತ್ತಾ ದೇವರ ನಾಮ ಹೇಳುವುದನ್ನು ವರ್ಣಿಸಿದಳು. ಅವನನ್ನು ಮಣ್ಣು ಮಾಡಿದ್ದೂ ದುಯಿಸಿಯಲ್ಲೇ. ಶಾಲೆಯಲ್ಲಿ ಕಿಸ್ತ್ ಹುಡುಗಿಯೊಬ್ಬಳು ಅವಳ ಜೊತೆಗಾತಿಯಾಗಿದ್ದಳಂತೆ. ಅವರ ಮನೆಗೆ ಹೋದರೆ ಅಜ್ಜಿ "ಮರ್ಶ ಯೋಗೀಲ" ಅನ್ನುತ್ತಿದ್ದರಂತೆ. ಗಂಡಸರಿಗಾದರೆ "ಮರ್ಶ ವೋಗೀಲ". ಬಂದವರನ್ನು ಸ್ವಾಗತಿಸುವ ಮಾತು. ಅಕ್ಷರಶಃ ಅರ್ಥ, ಸ್ವತಂತ್ರವಾಗಿ ಬಾ.

ನಮ್ಮ ಕಡೆ ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಅಂತ ನಾನು ಹೇಳಿದೆ. ಅವಳು ಎರಡು ಮೂರು ಸಲ ಹೇಳಿ ಕಲಿತುಕೊಂಡಳು. "ಹೋಗಿ ಬತ್ತೀನಿ" ಅಂತ, ಪಕ್ಕಾ ಹಳ್ಳಿಯವಳ ಹಾಗೆ. ಮೆಟ್ರೋ ಮೆಟ್ಟಿಲು ಇಳಿಯುವಾಗಲೂ ತಿರುಗಿ ಅದನ್ನೇ ಕೂಗಿದಳು.

2024ರ ಆಗಸ್ಟ್ 1. ಅಂಕಾರಾದಲ್ಲಿ ಕೈದಿಗಳ ಅದಲುಬದಲು. ಅಮೆರಿಕದ ಪತ್ರಕರ್ತ ಇವಾನ್ ಗೆರ್ಶ್ಕೋವಿಚ್ ಸೇರಿ 16 ಜನರನ್ನು ರಷ್ಯಾ, ಬೆಲಾರಸ್ ಬಿಟ್ಟವು. ಅತ್ತ ಹೋದ 8 ಜನರಲ್ಲಿ ಕ್ರಾಸಿಕೋವ್ ಒಬ್ಬ. ಬಿಡುಗಡೆಯಾದವರ ಮುಖ ನೋಡಿ ಖುಷಿಯಾಯಿತು, ನಿಜ. ಆಮೇಲೆ ಮಾಸ್ಕೋ ವಿಮಾನ ನಿಲ್ದಾಣ ತೋರಿಸಿದರು. ಕೆಂಪು ಹಾಸು, ಗೌರವ ವಂದನೆಯ ಸಿಪಾಯಿಗಳು. ವಿಮಾನದಿಂದ ಇಳಿದು ಬಂದ, ತಲೆಗೆ ಕ್ಯಾಪ್ ಹಾಕಿದ್ದವನನ್ನು ಪುಟಿನ್ ಅಪ್ಪಿಕೊಂಡರು. ಮರುದಿನ ಕ್ರೆಮ್ಲಿನ್ ವಕ್ತಾರರು, ಹೌದು, ಇವನು ನಮ್ಮ ಗುಪ್ತಚರ ಸಂಸ್ಥೆ ಎಫ್‌ಎಸ್‌ಬಿಯವನೇ ಅಂತ ಒಪ್ಪಿಕೊಂಡರು. ಐದು ವರ್ಷ ಇಲ್ಲ ಇಲ್ಲ ಅಂದದ್ದು ಒಂದೇ ದಿನಕ್ಕೆ ಹೌದಾಯಿತು.

ರಾತ್ರಿ ಅಮ್ಮ ಫೋನ್ ಮಾಡಿದಳು. ಅಲ್ಲಿ ಹನ್ನೊಂದು ದಾಟಿತ್ತು, ಅವಳಿಗೆ ಈಗ ನಿದ್ದೆ ಕಡಿಮೆ.

"ಟೀವಿಲಿ ತೋರಿಸ್ತಿದ್ರು ಕಣೆ. ನೀನು ಬೆಣ್ಣೆ ತರಕ್ಕೆ ಹೋಗಿದ್ದೆಯಲ್ಲ, ಅವತ್ತಿಂದೇ ಅಲ್ವಾ ಇದು?"

ದೂರ ಅಂತ ಸುಳ್ಳು ಹೇಳಿದ್ದು ಅವಳಿಗೆ ಯಾವಾಗ ಗೊತ್ತಾಯಿತೋ. ಅದನ್ನು ಎತ್ತಲಿಲ್ಲ.

"ಹೂಂ ಅಮ್ಮ."

"ಸತ್ತೋನಿಗೆ ಮಕ್ಕಳಿದ್ರಾ?"

"ಇದ್ರು."

ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ, ಹಾಲಿಗೆ ಹೆಪ್ಪು ಹಾಕೋದು ಮರೆತಿದ್ದೀನಿ ಅಂತ ಹೇಳಿ ಫೋನ್ ಇಟ್ಟಳು.