ಅಜ್ಜಿಯ ಹೆಬ್ಬೆಟ್ಟು, ಮೊಮ್ಮಗಳ ಬರಹ

ಅಮರಕಂಟಕಕ್ಕೆ ಹೋಗುವವರಲ್ಲಿ ಹೆಚ್ಚಿನವರು ನರ್ಮದೆ ಹುಟ್ಟುವ ಜಾಗ ನೋಡಲು ಹೋಗುತ್ತಾರೆ. ನಾನು ಹೋದದ್ದು ಅಲ್ಲಿನ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯಕ್ಕಾಗಿ. ಆದಿವಾಸಿ ಹಾಡಿಗಳಿಂದ ಬರುವ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಏಳನೆಯ ತರಗತಿ ದಾಟುವಷ್ಟರಲ್ಲಿ ಎಷ್ಟೋ ಮಕ್ಕಳು ಶಾಲೆ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಮುಖ್ಯವಾಗಿ ಆದಿವಾಸಿ ಮಕ್ಕಳಿಗಾಗಿ ಸಂಸತ್ತು 2007ರಲ್ಲಿ ಕಾಯ್ದೆ ಮಾಡಿ, ಮರುವರ್ಷವೇ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ಬಹಳ ಹಳೆಯದು.

ಬಿಲಾಸಪುರದಲ್ಲಿ ರೈಲು ಬದಲಿಸಿ ಕಟನಿ ಮಾರ್ಗದಲ್ಲಿ ಪೆಂಡ್ರಾ ರೋಡ್‌ಗೆ ಹೋಗಬೇಕು. ಭಂವರ್ ಟೋಂಕ್ ಘಾಟಿಯಲ್ಲಿ ರೈಲು ತಿರುತಿರುಗಿ ಏರುವಾಗ ಎರಡೂ ಬದಿಗೆ ಸಾಲ್ ಮರಗಳ ಕಾಡು. ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಪೆಂಡ್ರಾ ರೋಡ್ ನಿಲ್ದಾಣ ಛತ್ತೀಸಗಢದಲ್ಲಿದೆ, ವಿಶ್ವವಿದ್ಯಾಲಯ ಗಡಿಯಾಚೆ, ಮಧ್ಯಪ್ರದೇಶದ ಅನೂಪಪುರ ಜಿಲ್ಲೆಯಲ್ಲಿ. ನಿಲ್ದಾಣದ ಹೊರಗೆ ಒಬ್ಬ ಕಾರಿನವನು ವಿಶ್ವವಿದ್ಯಾಲಯದ ಗೇಟಿಗೇ ಬಿಡುತ್ತೇನೆಂದು ಬಾಡಿಗೆ ಮಾತಾಡಿ, ಮುಂಗಡವಾಗಿ ಪೂರ್ತಿ ಹಣ ಪಡೆದು, ನೇರವಾಗಿ ನರ್ಮದಾ ಕುಂಡದ ಎದುರು ತಂದು ನಿಲ್ಲಿಸಿದ. ಮುಂದಕ್ಕೆ ಹೋಗಬೇಕಾದರೆ ಅಷ್ಟೇ ಹಣ ಮತ್ತೆ ಕೊಡಬೇಕಂತೆ. ನಾನು ಒಪ್ಪದಿದ್ದಾಗ ಚೀಲಗಳನ್ನು ರಸ್ತೆಗಿಳಿಸಿ ಹೊರಟೇ ಹೋದ. ಈಗಲೂ ನೆನೆದರೆ ಮೈ ಉರಿಯುತ್ತದೆ. ಹೋಗುವವರಿಗೆ ಹೇಳುತ್ತಿದ್ದೇನೆ: ಕ್ಯಾಂಪಸ್ ಇರುವುದು ಲಾಲಪುರದಲ್ಲಿ, ದೇವಸ್ಥಾನದ ಪಟ್ಟಣದಿಂದ ಸಾಕಷ್ಟು ದೂರ. ವಾಹನ ಹತ್ತುವ ಮೊದಲೇ ಲಾಲಪುರ ಎಂದು ಸ್ಪಷ್ಟವಾಗಿ ಹೇಳಿ, ಹಣವನ್ನು ಅಲ್ಲಿ ಇಳಿದ ಮೇಲೆ ಕೊಡಿ. ಗೇಟಿನಲ್ಲಿ ಏಕೆ ಬಂದಿರಿ, ಯಾರನ್ನು ಕಾಣಬೇಕು ಎಂದು ಕೇಳುತ್ತಾರೆ. ಮೊದಲೇ ಯಾವುದಾದರೂ ವಿಭಾಗಕ್ಕೆ ಪತ್ರ ಬರೆದು ಒಪ್ಪಿಗೆ ಪಡೆದಿರಬೇಕು.

ಪಟ್ಟಣದಲ್ಲಿ ನನಗೆ ಹಿಡಿಸಿದ್ದು ಕಲಚುರಿ ಅರಸರ ಕಾಲದ ಹಳೆಯ ಗುಡಿಗಳು ಮಾತ್ರ. ಗದ್ದಲವಿಲ್ಲ, ಬಣ್ಣ ಬಳಿದಿಲ್ಲ, ಕಲ್ಲು ಕಲ್ಲಾಗಿಯೇ ಉಳಿದಿದೆ. ಕುಂಡದ ಸುತ್ತಲಿನ ಸುಣ್ಣದ ಬಿಳುಪು, ಕಣ್ಣಿಗೆ ಒಳ್ಳೆಯದೆಂದು ಗುಲಬಕಾವಲಿ ಅರಕವನ್ನು ಬಲವಂತವಾಗಿ ಕೈಗಿಡುವ ಅಂಗಡಿಗಳು ಇವೆಲ್ಲ ನನಗೆ ಬೇಡವಾದವು. ಕಪಿಲಧಾರೆ ಜಲಪಾತವನ್ನೂ ನೋಡಿದೆ.

ಕ್ಯಾಂಪಸ್ ವಿಶಾಲವಾಗಿದೆ. ಗೊಂಡರು, ಬೈಗಾಗಳು ಈ ಮೈಕಲ ಬೆಟ್ಟಗಳ ಮೂಲ ನಿವಾಸಿಗಳು. ಆದರೆ ಕಾಯ್ದೆಯ ಪ್ರಕಾರ ಈ ವಿಶ್ವವಿದ್ಯಾಲಯ ಇಡೀ ದೇಶದ್ದು. ಮಣಿಪುರದಲ್ಲಿ ಇದರದೇ ಪ್ರಾದೇಶಿಕ ಕ್ಯಾಂಪಸ್ ಇದೆ. ಆದಿವಾಸಿಗಳಲ್ಲದವರೂ ಇಲ್ಲಿ ಓದುತ್ತಾರೆ. ಔಷಧ ವಿಜ್ಞಾನದಿಂದ ಹಿಡಿದು ಬುಡಕಟ್ಟು ಅಧ್ಯಯನದವರೆಗೆ ವಿಭಾಗಗಳಿವೆ. ಕಟ್ಟಡಗಳ ಬಗ್ಗೆ ಹೆಚ್ಚು ಹೇಳಲು ನನಗೇನೂ ಇಲ್ಲ. ಹೇಳಬೇಕಾದದ್ದು ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕ ಒಬ್ಬ ಹುಡುಗಿಯ ಬಗ್ಗೆ.

ಅವಳು ಬೈಗಾ ಹುಡುಗಿ, ಡಿಂಡೋರಿ ಜಿಲ್ಲೆಯ ಬೈಗಾ ಚಕ್‌ನವಳು. ಬೈಗಾಗಳು ನೇಗಿಲು ಹಿಡಿಯುತ್ತಿರಲಿಲ್ಲ. ಭೂಮಿತಾಯಿಯ ಎದೆ ಸೀಳಬಾರದೆಂಬುದು ಅವರ ನಂಬಿಕೆ. ಪೊದೆ ಕಡಿದು, ಸುಟ್ಟು, ಬೂದಿಯಲ್ಲಿ ಹಲವು ಬೀಜಗಳನ್ನು ಒಟ್ಟಿಗೆ ಎರಚುವ ಅವರ ಬೇಸಾಯಕ್ಕೆ ಬೇವರ್ ಎಂದು ಹೆಸರು. ಬ್ರಿಟಿಷರು ಅದನ್ನು ಕಾಡಿಗೆ ಕೇಡೆಂದು ನಿಲ್ಲಿಸುತ್ತ ಬಂದು, 1890ರಲ್ಲಿ ಕೆಲವೇ ಹಳ್ಳಿಗಳಿಗೆ ಸೀಮಿತಗೊಳಿಸಿದರು. ಆ ಸೀಮೆಯೇ ಬೈಗಾ ಚಕ್. ಅವಳ ಸಂಶೋಧನೆಯ ವಿಷಯ ಬೇವರ್ ಬೀಜಗಳು ಮತ್ತು ಅವಳ ಅಜ್ಜಿಗೆ ತಿಳಿದಿರುವ ಗಿಡಮೂಲಿಕೆಗಳು.

“ದೀದಿ, ಮೊದಲ ಸಂದರ್ಶನ ನನ್ನ ಅಜ್ಜಿಯದೇ. ನಿಯಮದ ಪ್ರಕಾರ ಸಮ್ಮತಿ ಪತ್ರ ಓದಿ ಹೇಳಬೇಕಲ್ಲ, ಹೇಳಿದೆ. ‘ನನ್ನ ಮಡಿಲಲ್ಲಿ ಬೆಳೆದವಳು ನೀನು, ನನ್ನನ್ನು ಕೇಳುವುದಕ್ಕೆ ನಿನಗೆ ಕಾಗದ ಬೇಕೇ?’ ಎಂದು ಬೈದರು,” ಎಂದಳು.

ಆ ಕಾಗದ ಅವಳ ಫೈಲಿನಲ್ಲಿತ್ತು. ತೆಗೆದು ತೋರಿಸಿದಳು. ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟಿನ ಗುರುತು. ಅಂಚಿನಲ್ಲಷ್ಟೇ ಗೆರೆಗಳಿದ್ದವು. ನಡುವಿನ ಭಾಗ ಗೆಣಸು ಅಗೆದು, ಹಿಪ್ಪೆ ಕುಟ್ಟಿ ಸವೆದು ನುಣುಪಾಗಿತ್ತು, ಅಡ್ಡಕ್ಕೆ ಒಂದು ಬಿರುಕಿನ ಬಿಳಿ ಗೀರು. ಸರಿಯಾಗಿ ಮೂಡಲಿಲ್ಲವೆಂದು ಪಕ್ಕದಲ್ಲಿ ಮತ್ತೊಮ್ಮೆ ಒತ್ತಿಸಿದ್ದಳು. ಎರಡನೆಯದೂ ಹಾಗೆಯೇ.

“ಅಜ್ಜಿ ಎಲ್ಲವನ್ನೂ ಹೇಳಿದರೇ?” ಎಂದು ಕೇಳಿದೆ.

“ಹೇಳಿದರು. ಆದರೆ ಒಂದು ಬೇರಿನ ವಿಷಯ ಬರೆಯಬೇಡ ಎಂದರು.”

ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಪುಟ ಬಿಟ್ಟಿದ್ದಳು. ಬೇರಿನ ಹೆಸರಿಲ್ಲ, ಚಿತ್ರವಿಲ್ಲ, ಎಲ್ಲಿ ಸಿಗುತ್ತದೆಂಬುದೂ ಇಲ್ಲ. ಮೇಲ್ಗಡೆ ಹಿಂದಿಯಲ್ಲಿ ಒಂದು ಸಾಲು: ಅಜ್ಜಿ ಬೇಡವೆಂದರು. ಮಾರ್ಗದರ್ಶಕರು ಮೊದಲು ಒಪ್ಪಲಿಲ್ಲವಂತೆ, ಮಾಹಿತಿ ಅಪೂರ್ಣವೆಂದರಂತೆ. ಇವಳು ಪಟ್ಟು ಬಿಡಲಿಲ್ಲ. ಮೂಲಿಕೆಯ ಹೆಸರು ಅಚ್ಚಾದರೆ ಗುತ್ತಿಗೆದಾರರು ಬಂದು ಬುಡಸಮೇತ ಕಿತ್ತೊಯ್ಯುತ್ತಾರೆ, ಆಮೇಲೆ ಹಳ್ಳಿಯವರಿಗೇ ಸಿಗುವುದಿಲ್ಲ ಎಂದು ವಿವರಿಸಿದಳು. ಕೊನೆಗೆ ಆ ಪುಟ ಪ್ರಬಂಧದಲ್ಲಿ ಹಾಗೆಯೇ ಇರಲಿ, ಕಾರಣವನ್ನು ಮಾತ್ರ ಬರೆ ಎಂದು ಅವರೇ ಹೇಳಿದರಂತೆ.

ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತೆ. ಹೊರಗಿನವರು ಬೈಗಾಗಳ ಬಗ್ಗೆ ಬರೆದ ದಪ್ಪ ಪುಸ್ತಕಗಳು ಒಳಗಿನ ಕಪಾಟಿನಲ್ಲೇ ಇವೆ. ಅವಳು ಅವನ್ನೂ ಓದಿದ್ದಾಳೆ. “ಅವುಗಳಲ್ಲಿ ನಮ್ಮ ಹಚ್ಚೆಯ ಒಂದೊಂದು ಚುಕ್ಕಿಯೂ ಇದೆ. ಯಾರಾದರೂ ಬೇಡ ಎಂದಿದ್ದರೇ, ಎಂದವರ ಮಾತನ್ನು ಕೇಳಿದರೇ ಎಂಬುದು ಮಾತ್ರ ಇಲ್ಲ,” ಎಂದಳು. ವಿಶ್ವವಿದ್ಯಾಲಯ ಏಕೆ ಬೇಕೆಂದು ಯಾರಾದರೂ ಕೇಳಿದರೆ ನಾನು ಈ ಹುಡುಗಿಯ ಪುಟವನ್ನು ತೋರಿಸುತ್ತೇನೆ.

ಮಧ್ಯಾಹ್ನ ಅವಳೇ ಊಟಕ್ಕೆ ಕರೆದೊಯ್ದಳು. ಕ್ಯಾಂಪಸ್ಸಿನ ಹೊರಗೆ ಒಂದು ಮನೆಯಲ್ಲಿ ಹಾರಕದ ಅನ್ನ, ಬೇಳೆ, ಬೆರಕೆ ಸೊಪ್ಪಿನ ಪಲ್ಯ. ಪಟ್ಟಣದ ಎಣ್ಣೆ ಜಿನುಗುವ ಪೂರಿಗಿಂತ ಎಷ್ಟೋ ಪಾಲು ಮೇಲು. ಹಾರಕ, ಸಾಮೆ ಈ ಸೀಮೆಯ ನಿತ್ಯದ ಧಾನ್ಯ ಎಂದಾಗ ನಮ್ಮ ಕರ್ನಾಟಕದಲ್ಲೂ ಇವೆ ಎಂದೆ. ಅದಕ್ಕೆ ಅವಳು ಅಲ್ಲಿ ಬೈಗಾಗಳಂಥವರು ಯಾರಿದ್ದಾರೆಂದು ಕೇಳಿದಳು. ಸರ್ಕಾರದ ಪಟ್ಟಿಯಲ್ಲಿ ಅತಿ ದುರ್ಬಲ ಎಂದು ಗುರುತಿಸಿದ 75 ಸಮುದಾಯಗಳಲ್ಲಿ ಬೈಗಾಗಳ ಹಾಗೆಯೇ ನಮ್ಮ ಜೇನು ಕುರುಬರೂ ಕೊರಗರೂ ಸೇರಿದ್ದಾರೆ. ನಾಗರಹೊಳೆ ಕಾಡಿನಿಂದ ಹೊರಬಂದ ಹಾಡಿಗಳ ಕಥೆ ಹೇಳಿದೆ. ತಟ್ಟೆ ಬದಿಗಿಟ್ಟು, ಎಡಗೈಯಿಂದಲೇ ಪುಸ್ತಕ ತೆರೆದು ಜೇನು ಕುರುಬರ ಹೆಸರು ಬರೆದುಕೊಂಡಳು.

“ಅಲ್ಲಿಂದ ಹುಡುಗಿಯರು ಇಲ್ಲಿಗೆ ಓದಲು ಬರುವುದಿಲ್ಲವೇ?”

ಯಾರೂ ಬಂದದ್ದು ನನಗೆ ಗೊತ್ತಿಲ್ಲ ಎಂದೆ.

“ಬಂದರೆ ನನ್ನ ಹೆಸರು ಹೇಳಿ. ಹಾಸ್ಟೆಲಿನ ಮೊದಲ ತಿಂಗಳು ಕಷ್ಟ, ನಾನು ಇರುತ್ತೇನೆ.”

ಪದವಿ ತರಗತಿಗೆ ಸೇರಲು ಬರೆಯಬೇಕಾದ ಕೇಂದ್ರೀಯ ಪ್ರವೇಶ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ. ಲಕ್ಷಾಂತರ ಜನ ಆಡುವ ಗೊಂಡಿ ಅವುಗಳಲ್ಲಿ ಇಲ್ಲ, ಅದು ಅನ್ಯಾಯವೇ. ಕನ್ನಡ ಇದೆ. ಹುಣಸೂರು, ಎಚ್.ಡಿ. ಕೋಟೆಯ ಕಡೆ ಪಿಯುಸಿ ಮುಗಿಸುತ್ತಿರುವ ಹಾಡಿಯ ಮಕ್ಕಳನ್ನು ಬಲ್ಲವರು ಈ ವಿಷಯವನ್ನು ಅವರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಬಲ್ಲ ಮಕ್ಕಳಿಗೆ ನಾನೇ ಹೋಗಿ ಹೇಳುತ್ತಿದ್ದೇನೆ.