ಲಕ್ಕಮ್ಮ, ಲಕ್ಷ್ಮಮ್ಮ ಮತ್ತು 24 ಪಿಕ್ಸೆಲ್

ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ ಕಾರ್ಯದರ್ಶಿ.

"ಸಾರ್, ಲಕ್ಕಮ್ಮ ಹಾಕಿದ ಹಾಲು ಲಕ್ಷ್ಮಮ್ಮನ ಲೆಕ್ಕಕ್ಕೆ ಹೋಗ್ಬುಟ್ಟಿದೆ. ನಾನು ತೋಟಕ್ಕೆ ಹೋಗಿದ್ದೆ, ನನ್ನ ಮಗ ಕೂತಿದ್ದ. ಕೇಳುದ್ರೆ ಇಬ್ರ ಹೆಸ್ರೂ ಒಂದೇ ಥರ ಕಾಣ್ತದೆ ಅಂತಾನೆ. ಬಂದು ಒಸಿ ನೋಡಿ."

ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಸಾಲು. ಮೇಲಿನದು 'ಲಕಮ'. ಕೆಳಗಿನದೂ 'ಲಕಮ'.

ಒಂದು ನಿಮಿಷ ಆ ಫೋಟೊವನ್ನೇ ನೋಡುತ್ತಾ ಕೂತೆ. ಲಕ್ಕಮ್ಮ ಅನ್ನುವ ಹೆಸರಿನಿಂದ ಒತ್ತಕ್ಷರಗಳನ್ನು ತೆಗೆದುಬಿಡಿ. ಲ, ಕ, ಮ ಉಳಿಯುತ್ತವೆ. ಲಕ್ಷ್ಮಮ್ಮನ ಒತ್ತುಗಳನ್ನೂ ತೆಗೆಯಿರಿ. ಅಲ್ಲೂ ಅದೇ ಲ, ಕ, ಮ. ಇಬ್ಬರು ಹೆಂಗಸರ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಕಾಲ ಬುಡದಲ್ಲಿ ಇತ್ತು. ಡೈರಿಯ ಹಾಲಿನ ಲೆಕ್ಕಕ್ಕೆ ನಾನು ಬರೆದುಕೊಟ್ಟ ಪ್ರೋಗ್ರಾಂ ಆ ಕಾಲನ್ನೇ ಕತ್ತರಿಸಿ ಹಾಕಿತ್ತು.

ಪರದೆಯಲ್ಲಿ ಹೆಸರಿನ ಎಡಕ್ಕೆ ಸದಸ್ಯರ ನಂಬರ್ ಇದೆ, ನಿಜ. ಆದರೆ ಕ್ಯಾನು ಹಿಡಿದು ಸಾಲಾಗಿ ನಿಂತವರನ್ನು ಯಾರೂ ನಂಬರ್ ಹೇಳಿ ಕರೆಯುವುದಿಲ್ಲ. ಹೆಸರು ನೋಡಿ ಒತ್ತುತ್ತಾರೆ. ಹುಡುಗನೂ ಹಾಗೇ ಒತ್ತಿದ್ದಾನೆ. ನಾಲ್ಕು ಲೀಟರ್ ಚಿಲ್ಲರೆ ಹಾಲು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಆ ಮನೆಯವರಿಗೆ ಅದು ಸಣ್ಣ ಮೊತ್ತ ಅಲ್ಲ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಮೈಸೂರಿನಿಂದ ಬಸ್ ಹತ್ತಿದೆ.

ಪರದೆಯ ಮೇಲಿನ ಆ ಹೆಸರುಗಳ ಪಟ್ಟಿಯನ್ನು ನಾನೇ ಗೆರೆ ಗೆರೆಯಾಗಿ ಬರೆಸಿದ್ದೆ. ಭಾಷೆ ಸಿ ಶಾರ್ಪ್, ಕಿಟಕಿ ಕಟ್ಟುವ ಸಲಕರಣೆ ವಿಂಡೋಸ್ ಫಾರ್ಮ್ಸ್. ಅದರಲ್ಲಿ ಸಿದ್ಧ ಪಟ್ಟಿ ಇದೆ, ಆದರೆ ನನಗೆ ಬೇಕಾದ್ದು ಅದರಲ್ಲಿ ಇರಲಿಲ್ಲ. ಪ್ರತಿ ಸಾಲಿನಲ್ಲಿ ಎಡಕ್ಕೆ ನಂಬರ್, ನಡುವೆ ದಪ್ಪ ಅಕ್ಷರದ ಹೆಸರು, ಬಲಕ್ಕೆ ಬೆಳಗಿನ ಹಾಲು ಬಂದಿದ್ದರೆ ಒಂದು ಹಸಿರು ಬೊಟ್ಟು, ಸಂಜೆಯದಕ್ಕೆ ಇನ್ನೊಂದು. ಹಾಗಾಗಿ ಖಾಲಿ ಕಂಟ್ರೋಲ್ (ಕಿಟಕಿಯೊಳಗಿನ ಒಂದು ಜಾಗ) ಒಂದನ್ನು ತೆಗೆದುಕೊಂಡು, ಅದನ್ನು ಪರದೆಗೆ ಬರೆಯುವ ಕೋಡ್ ಇರುವ ಆನ್‌ಪೇಂಟ್‌ನಲ್ಲಿ ಎಲ್ಲವನ್ನೂ ನಾನೇ ಬಿಡಿಸಿದ್ದೆ. ಇದನ್ನೇ ಕಸ್ಟಮ್ ಡ್ರಾಯಿಂಗ್ ಅನ್ನುವುದು. ವಿಂಡೋಸ್ ಬಂದು 'ಈ ಜಾಗ ಹಾಳಾಗಿದೆ, ಬರೆದುಕೊಡು' ಅನ್ನುತ್ತದೆ. ನಾವು ಬರೆದುಕೊಡಬೇಕು. ಎಲ್ಲಿ, ಎಷ್ಟು ಎತ್ತರಕ್ಕೆ, ಯಾವುದರ ಮೇಲೆ ಯಾವುದು, ಎಲ್ಲವೂ ನಮ್ಮ ಹೊಣೆ.

ಡೈರಿಗೆ ಹೋದಾಗ ಹತ್ತೂಮುಕ್ಕಾಲು. ಮೊದಲು ಫಾಂಟಿನ ಮೇಲೆ ಅನುಮಾನ ಬಂತು. ಹೆಸರುಗಳನ್ನು ನಿರ್ಮಲಾ ಯುಐ ಫಾಂಟಿನಲ್ಲಿ ಬರೆಸಿದ್ದೆ. ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ. ನೋಟ್‌ಪ್ಯಾಡ್ ತೆಗೆದು ಅದೇ ಫಾಂಟಿನಲ್ಲಿ 'ಲಕ್ಷ್ಮಮ್ಮ' ಎಂದು ಟೈಪ್ ಮಾಡಿದೆ. ಒತ್ತುಗಳೆಲ್ಲ ಅಚ್ಚುಕಟ್ಟಾಗಿ ಬಂದವು. ಫಾಂಟಿನದು ತಪ್ಪಿಲ್ಲ.

ಆಮೇಲೆ ಪಟ್ಟಿಯನ್ನು ಕೊನೆಯವರೆಗೂ ಇಳಿಸಿದೆ. ಸಿದ್ದಮ್ಮ 'ಸಿದಮ' ಆಗಿದ್ದಳು. ಹುಚ್ಚಪ್ಪ 'ಹುಚಪ' ಆಗಿದ್ದ. ಆದರೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿದ್ದ ಹೊನ್ನಮ್ಮನಿಗೆ ಮಾತ್ರ ಎರಡೂ ಒತ್ತು ನೆಟ್ಟಗೆ ಇದ್ದವು. ಅಲ್ಲಿ ನಿಂತೆ. ಇಡೀ ಪಟ್ಟಿಯಲ್ಲಿ ಕೊನೆಯವಳೊಬ್ಬಳು ಮಾತ್ರ ಸರಿ ಇದ್ದಾಳೆ ಅಂದರೆ ಅದಕ್ಕೆ ಕಾರಣ ಇರಲೇಬೇಕು, ಅಲ್ವಾ? ಅವಳ ಕೆಳಗೆ ಇನ್ನೊಂದು ಸಾಲು ಇಲ್ಲ. ಅಷ್ಟೇ ವ್ಯತ್ಯಾಸ.

ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪಟ್ಟಿ ತೆರೆದೆ. ಎಲ್ಲರ ಒತ್ತೂ ಇದ್ದವು. ಎರಡೂ ಯಂತ್ರ ಪಕ್ಕ ಪಕ್ಕ ಇಟ್ಟು ನೋಡುತ್ತಿದ್ದಾಗ ಕಾರ್ಯದರ್ಶಿ ಹೇಳಿದರು, "ಇದು ಹೊಸದು ಸಾರ್. ಹಳೇ ಕಂಪ್ಯೂಟ್ರು ಕೆಟ್ಟೋಯ್ತು, ಹೋದ ವಾರ ತಂದ್ವಿ." 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪ್. ಅಷ್ಟು ಸಣ್ಣ ಪರದೆಯಲ್ಲಿ ಅಷ್ಟು ಪಿಕ್ಸೆಲ್ ತುಂಬಿದ್ದರಿಂದ ವಿಂಡೋಸ್ ತಾನಾಗಿಯೇ ಅಕ್ಷರ, ಚಿತ್ರಗಳನ್ನು ತೋರಿಸುವ ಅಳತೆಯನ್ನು 150 ಪರ್ಸೆಂಟ್‌ಗೆ ಇಟ್ಟುಕೊಂಡಿತ್ತು. ನನ್ನದಕ್ಕೂ 150 ಹಾಕಿ, ಸೈನ್ ಔಟ್ ಮಾಡಿ ಮತ್ತೆ ಒಳಗೆ ಬಂದೆ. ನನ್ನ ಪರದೆಯಲ್ಲೂ 'ಲಕಮ', 'ಲಕಮ'.

ಖುಷಿಯಾಯಿತು. ಒಂದು ತಪ್ಪು ನಮ್ಮ ಕಣ್ಣೆದುರು, ನಮ್ಮ ಯಂತ್ರದಲ್ಲಿ, ಕರೆದಾಗಲೆಲ್ಲ ಬಂದರೆ ಅರ್ಧ ಕೆಲಸ ಮುಗಿದಂತೆ.

ಪರದೆಗೆ ಬರೆಯುವ ಕೋಡಿನಲ್ಲಿ ತಪ್ಪು ಹುಡುಕುವಾಗ, ಕೋಡನ್ನು ನಡುವೆಯೇ ತಡೆದು ನಿಲ್ಲಿಸುವ ಬ್ರೇಕ್‌ಪಾಯಿಂಟ್ ಅಷ್ಟಾಗಿ ನೆರವಾಗುವುದಿಲ್ಲ. ಆನ್‌ಪೇಂಟ್‌ನಲ್ಲಿ ನಿಲ್ಲಿಸಿದರೆ ತಪ್ಪು ಹುಡುಕುವ ಸಾಧನವಾದ ಡೀಬಗರ್‌ನ ಕಿಟಕಿ ಮುಂದೆ ಬರುತ್ತದೆ, ನಮ್ಮದು ಹಿಂದೆ ಸರಿಯುತ್ತದೆ, ಏನು ನೋಡಬೇಕಿತ್ತೋ ಅದೇ ಕಾಣುವುದಿಲ್ಲ. ಅದಕ್ಕೆ ನಾನು ಎರಡು ಕೆಲಸ ಮಾಡುತ್ತೇನೆ. ಮೊದಲನೆಯದು, ಪ್ರತಿ ಸಾಲಿನ ಚೌಕಕ್ಕೆ ಸುತ್ತಲೂ ಕೆಂಪು ಗೆರೆ ಎಳೆಯುವುದು. ನಮ್ಮ ತಲೆಯಲ್ಲಿರುವ ಚೌಕ ಒಂದು, ಕಂಪ್ಯೂಟರಿಗೆ ನಾವು ಹೇಳಿರುವ ಚೌಕ ಇನ್ನೊಂದು. ಗೆರೆ ಎಳೆದಾಗಲೇ ಗೊತ್ತಾಗುವುದು. ಎಳೆದು ನೋಡಿದೆ. ಅಕ್ಷರದ ಮೈ ಮುಗಿಯುವ ಕಡೆಯೇ ಕೆಂಪು ಗೆರೆ ಹಾದುಹೋಗುತ್ತಿತ್ತು. ಒತ್ತಿಗೆ ಜಾಗವೇ ಇರಲಿಲ್ಲ.

ಎರಡನೆಯದು, ನಿಧಾನ ಮಾಡುವುದು. ಪರದೆ ಮಿಣುಕಬಾರದು ಅಂತ ನಾವು ಡಬಲ್ ಬಫರಿಂಗ್ ಹಾಕಿರುತ್ತೇವೆ. ಅಂದರೆ ಎಲ್ಲವನ್ನೂ ಮರೆಯಲ್ಲಿ ಬೇರೆ ಹಾಳೆಯ ಮೇಲೆ ಬಿಡಿಸಿಕೊಂಡು, ಮುಗಿದ ಮೇಲೆ ಒಂದೇ ಸಲ ಪರದೆಗೆ ಅಂಟಿಸುವುದು. ನೋಡುವವರಿಗೆ ಅದು ಚೆಂದ. ತಪ್ಪು ಹುಡುಕುವವನಿಗೆ ಮಾತ್ರ ಅದೇ ಪರದೆ ಅಡ್ಡ. ಅದನ್ನು ತೆಗೆದೆ. ಒಂದೊಂದು ಹೆಜ್ಜೆಗೂ ಕಾಲು ಸೆಕೆಂಡ್ ನಿಲ್ಲುವ ಹಾಗೆ ಒಂದು ಸಾಲು ಕೋಡ್ ಸೇರಿಸಿ ಓಡಿಸಿದೆ.

ಕಾರ್ಯದರ್ಶಿಯೂ ಕುರ್ಚಿ ಎಳೆದುಕೊಂಡು ಬಂದರು. ಇಬ್ಬರೂ ನೋಡಿದೆವು. ಬಿಳಿ ಪಟ್ಟಿ ಬಂತು. ಅದರ ಮೇಲೆ ಲಕ್ಕಮ್ಮ ಬಂದಳು. ಪೂರ್ತಿ ಲಕ್ಕಮ್ಮ. ಕಗೆ ಕ ಒತ್ತು, ಮಗೆ ಮ ಒತ್ತು, ಎಲ್ಲ ಇತ್ತು, ಕೆಂಪು ಗೆರೆ ದಾಟಿ ಕೆಳಗೆ ಇಳಿದಿತ್ತು. ಕಾಲು ಸೆಕೆಂಡ್. ಮುಂದಿನ ಸಾಲಿನ ಬಿಳಿ ಪಟ್ಟಿ ಬಂತು, ಅವಳ ಒತ್ತುಗಳ ಮೇಲೆ ಬಿಳಿ ಬಳಿಯಿತು. ಅಲ್ಲಿಗೆ 'ಲಕಮ'. ಆಮೇಲೆ ಲಕ್ಷ್ಮಮ್ಮ ಪೂರ್ತಿ ಬಂದಳು. ಅವಳ ಕೆಳಗಿನ ಪಟ್ಟಿ ಬಂದು ಅವಳದ್ದನ್ನೂ ಅಳಿಸಿತು. ಹೀಗೇ ಇಳಿಯುತ್ತಾ ಹೋಯಿತು. ಹೊನ್ನಮ್ಮನ ಕೆಳಗೆ ಯಾರೂ ಇಲ್ಲದ್ದರಿಂದ ಅವಳು ಉಳಿದುಕೊಂಡಳು.

"ಬರೆಯೋದೂ ನಾವೇ, ಅಳಿಸೋದೂ ನಾವೇ" ಅಂದರು ಕಾರ್ಯದರ್ಶಿ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಆಗುತ್ತಿರಲಿಲ್ಲ.

ಸುಲಭದ ದಾರಿ ಹೊಳೆಯಿತು. ಮೊದಲು ಎಲ್ಲ ಸಾಲುಗಳ ಬಿಳಿ ಪಟ್ಟಿ ಬಳಿದುಬಿಡುವುದು, ಎರಡನೇ ಸುತ್ತಿನಲ್ಲಿ ಹೆಸರುಗಳನ್ನು ಬರೆಯುವುದು. ಹತ್ತು ನಿಮಿಷದ ಕೆಲಸ. ಮಾಡಿದೆ, ಎಲ್ಲರ ಒತ್ತೂ ಬಂದವು. ಆದರೆ ಲಕ್ಷ್ಮಮ್ಮನ ಮೇಲೆ ಒಂದು ಸಲ ಕ್ಲಿಕ್ ಮಾಡಿದ್ದೇ ತಡ, ಅವಳ ಮೇಲಿದ್ದ ಲಕ್ಕಮ್ಮನ ಒತ್ತುಗಳು ಮಾಯ. ಕ್ಲಿಕ್ ಮಾಡಿದಾಗ ಇಡೀ ಪಟ್ಟಿಯನ್ನು ಬರೆಯುವುದು ದಂಡ ಅಂತ ಆ ಒಂದು ಸಾಲಿಗೆ ಮಾತ್ರ 'ಮತ್ತೆ ಬರೆ' ಅನ್ನುವ ಇನ್‌ವ್ಯಾಲಿಡೇಟ್ ಹೇಳಿದ್ದೆ. ಆ ಸಾಲಿನ ಚೌಕ ಬಿಳಿಯಾಯಿತು, ಅದರೊಳಗೆ ಇಳಿದಿದ್ದ ಮೇಲಿನವಳ ಒತ್ತೂ ಹೋಯಿತು. ಮೇಲಿನ ಸಾಲನ್ನು ಮತ್ತೆ ಬರೆಯಿರಿ ಅಂತ ಯಾರೂ ಹೇಳಿಲ್ಲ. ಒಬ್ಬರ ಅಕ್ಷರ ಇನ್ನೊಬ್ಬರ ಚೌಕದೊಳಗೆ ಕಾಲಿಡುವವರೆಗೂ ಇದು ಸರಿಹೋಗುವುದಿಲ್ಲ. ಚೌಕವೇ ದೊಡ್ಡದಾಗಬೇಕು.

ಚೌಕದ ಎತ್ತರ ಎಲ್ಲಿ ಬರೆದಿದ್ದೇನೆ ಅಂತ ಹುಡುಕಿದೆ. ಸಿಕ್ಕಿತು. ಸಾಲಿನ ಎತ್ತರ, 24. ಸುಮ್ನೆ ಒಂದು ಅಂಕಿ. ಎರಡು ವರ್ಷದ ಹಿಂದೆ ನನ್ನ ಮೇಜಿನ ಮೇಲೆ ಕಣ್ಣಳತೆಯಲ್ಲಿ ಚೆಂದ ಕಂಡಿದ್ದಕ್ಕೆ ಇಟ್ಟಿದ್ದು.

ಲೆಕ್ಕ ಹೀಗಿದೆ. ಫಾಂಟಿನ ಅಳತೆ 12 ಪಾಯಿಂಟ್. ಒಂದು ಇಂಚಿಗೆ 72 ಪಾಯಿಂಟ್. ಮಾಮೂಲಿ 100 ಪರ್ಸೆಂಟ್‌ನಲ್ಲಿ ವಿಂಡೋಸ್ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ಹಿಡಿಯುತ್ತದೆ. ಹಾಗಾಗಿ ಅಕ್ಷರಕ್ಕೆ 16 ಪಿಕ್ಸೆಲ್. 24ರ ಸಾಲಿನಲ್ಲಿ ಒತ್ತಿಗೂ ಜಾಗ ಉಳಿಯುತ್ತದೆ. 150 ಪರ್ಸೆಂಟ್ ಅಂದರೆ ಇಂಚಿಗೆ 144 ಪಿಕ್ಸೆಲ್. ಆಗ ಅದೇ 12 ಪಾಯಿಂಟ್ ಅಕ್ಷರಕ್ಕೆ 24 ಪಿಕ್ಸೆಲ್. ಅಕ್ಷರ ಬೆಳೆಯಿತು, ಸಾಲು ಬೆಳೆಯಲಿಲ್ಲ. ಪಾಯಿಂಟ್‌ನಲ್ಲಿ ಹೇಳಿದ್ದೆಲ್ಲ ಪರದೆಯ ಜೊತೆ ಹಿಗ್ಗುತ್ತದೆ. ಪಿಕ್ಸೆಲ್‌ನಲ್ಲಿ ಹೇಳಿದ್ದು ಹೇಳಿದಷ್ಟೇ ಇರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಏನೂ ಮಾಡದೇ ಇದ್ದಿದ್ದರೆ ವಿಂಡೋಸ್ ನನ್ನ ಕಿಟಕಿಯನ್ನು ಫೋಟೊ ಹಿಗ್ಗಿಸಿದ ಹಾಗೆ ಹಿಗ್ಗಿಸುತ್ತಿತ್ತು. ಅಕ್ಷರ ಮಸುಕಾಗುತ್ತಿತ್ತು, ಒತ್ತು ಹೋಗುತ್ತಿರಲಿಲ್ಲ. ಆ ಮಸುಕು ಬೇಡ ಅಂತ, ಪ್ರೋಗ್ರಾಂ ಬಗ್ಗೆ ವಿಂಡೋಸ್‌ಗೆ ತಿಳಿಸುವ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ 'ಡಿಪಿಐ (ಇಂಚಿಗೆ ಎಷ್ಟು ಪಿಕ್ಸೆಲ್) ವಿಚಾರ ನಾನೇ ನೋಡಿಕೊಳ್ಳುತ್ತೇನೆ' ಎಂದು ಬರೆದುಕೊಟ್ಟವನು ನಾನು. ವಿಂಡೋಸ್ ನನ್ನ ಮಾತು ನಂಬಿ ಪಕ್ಕಕ್ಕೆ ಸರಿಯಿತು. ನಾನು ನೋಡಿಕೊಂಡಿರಲಿಲ್ಲ. ಇದು ನನಗೆ ಬಹಳ ಚುಚ್ಚಿತು.

24 ಅಳಿಸಿದೆ. ಸಾಲಿನ ಎತ್ತರವನ್ನು ಫಾಂಟನ್ನೇ ಕೇಳಿ ಪಡೆಯುವ ಹಾಗೆ ಮಾಡಿದೆ, ಅದರ ಮೇಲೆ ಕಾಲು ಪಾಲು ಜಾಸ್ತಿ. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗಿಳಿಯುವ ಸಣ್ಣ ಅಕ್ಷರ ಜಿ, ಜೆ, ಪಿ, ಕ್ಯೂ, ವೈ, ಹೀಗೆ ಬೆರಳೆಣಿಕೆಯಷ್ಟು. ಅವಕ್ಕೂ ಬರೀ ಬಾಲ. ನಮ್ಮಲ್ಲಿ ಕೆಳಗೆ ಇಳಿಯುವುದು ಇನ್ನೊಂದು ಇಡೀ ವ್ಯಂಜನ. ಕೆಲವೊಮ್ಮೆ ಎರಡು. ಅದಕ್ಕೆ 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಮ್ಮ' ಮೂರನ್ನೂ ಪರೀಕ್ಷೆಯ ಹೆಸರುಗಳಾಗಿ ಇಟ್ಟೆ. 100, 125, 150, 175, ಎಲ್ಲದರಲ್ಲೂ ಕೆಂಪು ಚೌಕದೊಳಗೇ ನಿಲ್ಲುತ್ತವೆಯೇ ಅಂತ ಒಂದೊಂದಾಗಿ ನೋಡಿದೆ. ನಿಂತವು.

ಅಷ್ಟರಲ್ಲಿ ಒಂದೂವರೆ. ಕಾರ್ಯದರ್ಶಿ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಊಟ ಮಾಡುವಾಗ ಅವರು ಹೇಳಿದರು, "ಹೆಸ್ರು ಹುಡುಕುವಾಗ ಒಂದು ಚುಕ್ಕಿ ಚುಕ್ಕಿ ಉಂಗುರ ಬರ್ತದಲ್ಲ ಸಾರ್, ಅದೂ ಇದಕ್ಕೇ ಏನು? ನಾನು ಅದು ಹಂಗೇ ಇರ್ಬೇಕು ಅಂದ್ಕಂಡಿದ್ದೆ."

ತುತ್ತು ಕೈಯಲ್ಲೇ ಉಳಿಯಿತು. ಎರಡು ವರ್ಷ ಅವರು ಅದನ್ನು ಸಹಿಸಿಕೊಂಡು ಬಂದಿದ್ದರು.

ವಾಪಸ್ ಬಂದು 'ಕೃಷ' ಎಂದು ಟೈಪ್ ಮಾಡಿದೆ. ಹುಡುಕಿದ ಭಾಗ ನೀಲಿಯಲ್ಲಿ, ಉಳಿದದ್ದು ಕಪ್ಪಿನಲ್ಲಿ ಬರಲಿ ಅಂತ ಹೆಸರನ್ನು ಎರಡು ತುಂಡು ಮಾಡಿ ಬರೆಸಿದ್ದೆ. 'ಕೃಷ್ಣಪ್ಪ' ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಎಂಟು ಸಂಕೇತ. 'ಕೃಷ' ಅಲ್ಲಿಗೇ ಕತ್ತರಿಸಿದರೆ ಎರಡನೇ ತುಂಡು ಬರೀ ಹಲಂತದ ಗುರುತಿನಿಂದ, ಅಂದರೆ ವ್ಯಂಜನದ ಸ್ವರ ತೆಗೆದು ಮುಂದಿನದನ್ನು ಒತ್ತಾಗಿಸುವ ಗುರುತಿನಿಂದ, ಶುರುವಾಗುತ್ತದೆ. ಹಲಂತಕ್ಕೆ ಆತುಕೊಳ್ಳಲು ಒಂದು ಅಕ್ಷರ ಬೇಕು. ಸಿಗದಿದ್ದಾಗ ಆ ಚುಕ್ಕಿ ಉಂಗುರ ಬರುತ್ತದೆ, 'ಇಲ್ಲಿ ಇರಬೇಕಾದವರು ಎಲ್ಲಿ' ಎಂದು ಕೇಳುವ ಹಾಗೆ.

ಹೆಸರನ್ನು ತುಂಡು ಮಾಡುವುದನ್ನೇ ಬಿಟ್ಟೆ. ಹುಡುಕಿದ ಭಾಗದ ಹಿಂದೆ ಹಳದಿ ಪಟ್ಟಿ ಬಳಿದು, ಮೇಲೆ ಇಡೀ ಹೆಸರನ್ನು ಒಂದೇ ಏಟಿಗೆ ಬರೆಸಿದೆ. ಪಟ್ಟಿ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಒಂದು ಸಣ್ಣ ನಿಯಮ: ಹಲಂತಕ್ಕೆ ಮುಂಚೆ ನಿಲ್ಲಬೇಡ, ಹಲಂತದ ಮುಂದೆ ವ್ಯಂಜನ ಇದ್ದರೆ ಅಲ್ಲೂ ನಿಲ್ಲಬೇಡ, ಸ್ವರದ ಗುರುತಿಗೆ ಮುಂಚೆಯೂ ನಿಲ್ಲಬೇಡ. ಆದರೂ ಪಟ್ಟಿ ಒಂದೆರಡು ಪಿಕ್ಸೆಲ್ ಆಚೆ ಹೋಗುತ್ತಿತ್ತು. ಅಳೆದದ್ದು ಮೆಷರ್‌ಸ್ಟ್ರಿಂಗ್‌ನಲ್ಲಿ, ಬರೆದದ್ದು ಟೆಕ್ಸ್ಟ್‌ರೆಂಡರರ್‌ನಲ್ಲಿ. ಒಂದು ವಿಂಡೋಸ್‌ನಲ್ಲಿ ಚಿತ್ರ ಬಿಡಿಸುವ ಜಿಡಿಐ ಪ್ಲಸ್ ವ್ಯವಸ್ಥೆಯದು, ಇನ್ನೊಂದು ಅದಕ್ಕಿಂತ ಹಳೆಯ ಜಿಡಿಐನದು. ಎರಡರ ಮೊಳವೂ ಬೇರೆ. ಎರಡಕ್ಕೂ ಟೆಕ್ಸ್ಟ್‌ರೆಂಡರರನ್ನೇ ಇಟ್ಟು, ಅದು ಪಕ್ಕಕ್ಕೆ ಸೇರಿಸುವ ಖಾಲಿ ಜಾಗವನ್ನೂ ತೆಗೆಸಿದೆ. ಪಟ್ಟಿ 'ಷ್ಣ' ಮುಗಿಯುವಲ್ಲಿಗೆ ಬಂದು ನಿಂತಿತು.

ಸಂಜೆ ಐದೂವರೆಗೆ ಹಾಲಿನವರು ಬರತೊಡಗಿದರು. ನಿಧಾನ ಮಾಡುವ ಸಾಲು ತೆಗೆದೆ, ಡಬಲ್ ಬಫರಿಂಗ್ ಮತ್ತೆ ಹಾಕಿದೆ. ಬೆಳಗಿನ ಹಾಲನ್ನು ಲಕ್ಷ್ಮಮ್ಮನ ಲೆಕ್ಕದಿಂದ ಲಕ್ಕಮ್ಮನ ಲೆಕ್ಕಕ್ಕೆ ಕಾರ್ಯದರ್ಶಿಯೇ ತಿದ್ದಿದರು. ಲಕ್ಕಮ್ಮ ಬಂದಾಗ ಪರದೆಯನ್ನು ಅವರ ಕಡೆ ತಿರುಗಿಸಿ, "ನೋಡ್ರವ್ವ, ಇದು ನೀವು, ಇದು ಅವ್ರು" ಎಂದು ಎರಡೂ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಲಕ್ಕಮ್ಮ ಬಗ್ಗಿ ನೋಡಿ, "ಈಗ ಸರೀಗದೆ" ಅಂದು ಕ್ಯಾನು ಎತ್ತಿ ಸುರಿದರು.

ಕೆಂಪು ಗೆರೆ ಇನ್ನೂ ಹಾಗೇ ಇತ್ತು. ತೆಗೆಯಲು ಕೂತೆ.

"ಆ ಗೆರೆ ಇರ್ಲಿ ಬಿಡಿ ಸಾರ್" ಅಂದರು ಕಾರ್ಯದರ್ಶಿ. "ಸಾಲು ಬೇರೆ ಬೇರೆ ಕಾಣ್ತವೆ. ಹುಡುಗನಿಗೂ ಸಲೀಸು."

ಬಣ್ಣವನ್ನು ಮಾತ್ರ ತಿಳಿ ಬೂದಿಗೆ ಬದಲಿಸಿ, ಏಳು ಗಂಟೆಯ ಬಸ್ಸಿಗೆ ಹೊರಟೆ.