ಹೆರಿಗೆಯ ನಂತರದ ಒಂದು ಗಂಟೆ, ಗೆರೆ ಹಾಕಿದ ಒಂದು ಚೀಲ

ನಾನು ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್. ಮಗು ಅತ್ತಿತು ಅಂದರೆ ಕೋಣೆಯಲ್ಲಿದ್ದವರ ಕಣ್ಣೆಲ್ಲ ಅದರ ಕಡೆಗೇ. ನನಗೆ ತಾಯಿಯ ಚಿಂತೆ ಶುರುವಾಗುವುದೇ ಆಗ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗುವುದಕ್ಕೆ ವಾರ್ಡಿನಲ್ಲಿ ನಾವು ಪಿಪಿಎಚ್ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 1.4 ಕೋಟಿ ತಾಯಂದಿರಿಗೆ ಹೀಗಾಗುತ್ತದೆ. ಈ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಬಂದ ಸಂಶೋಧನೆಗಳನ್ನು ಓದಿದಾಗಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಇವತ್ತು ಬರೆದೇ ಬಿಡೋಣ ಅನ್ನಿಸಿತು.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡ ಮೇಲೆ ಅಷ್ಟೂ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಅವು ಬಿಗಿಯಾಗಿ ಕುಗ್ಗಿ, ನಡುವೆ ಹಾದುಹೋಗುವ ನಾಳಗಳನ್ನು ಹಿಸುಕುತ್ತವೆ. ಹೊಕ್ಕುಳಿನ ಕೆಳಗೆ ಕೈ ಇಟ್ಟರೆ ಕ್ರಿಕೆಟ್ ಚೆಂಡಿನಷ್ಟು ಗಟ್ಟಿಯಾಗಿ ಸಿಗಬೇಕು. ಮೆತ್ತಗೆ ಸಿಕ್ಕಿತೋ, ನನ್ನ ಕೈ ಅಲ್ಲಿಂದ ಏಳುವುದಿಲ್ಲ, ತಿಕ್ಕುತ್ತಲೇ ಇರುತ್ತದೆ.

ಆದರೆ ಎಷ್ಟು ರಕ್ತ ಹೋಯಿತು ಎನ್ನುವುದನ್ನು ತಿಳಿಯುವುದು ಹೇಗೆ? ಬಹುಕಾಲ ನಾವು ಕಣ್ಣಂದಾಜನ್ನೇ ನಂಬಿದ್ದೆವು. ಅರ್ಧ ಲೀಟರ್ ದಾಟಿದರೆ ಪಿಪಿಎಚ್ ಎಂದು ಪುಸ್ತಕ ಹೇಳುತ್ತದೆ. ಹಾಸಿಗೆಯ ಪಕ್ಕ ನಿಂತವರಿಗೆ ಆ ಅರ್ಧ ಲೀಟರ್ ಒಂದೇ ಕಡೆ ಕಾಣಿಸುವುದಿಲ್ಲ. ಒಂದಿಷ್ಟು ಶೀಟಿನಲ್ಲಿ ಇಂಗಿರುತ್ತದೆ, ಒಂದಿಷ್ಟು ಪ್ಯಾಡಿನಲ್ಲಿ, ಒಂದಿಷ್ಟು ಗರ್ಭದ ನೀರಿನ ಜೊತೆ ಬೆರೆತು ಬಕೆಟ್ಟಿಗೆ ಹೋಗಿರುತ್ತದೆ. ಧಾರೆಯಾಗಿ ಸುರಿದರೆ ಯಾರಿಗಾದರೂ ಗೊತ್ತಾಗುತ್ತದೆ. ಸಣ್ಣಗೆ ಒಸರುತ್ತಾ ಹೋದರೆ ಅನುಭವಿಗಳಿಗೂ ಅಂದಾಜು ಸಿಗುವುದಿಲ್ಲ. ಇದನ್ನು ಲೆಕ್ಕ ಹಾಕಿ ತೋರಿಸಿದ ಕೆಲಸ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನಲ್ಲಿ ನಡೆದಿತ್ತು. ತಾಯಿಯ ಸೊಂಟದ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಡ್ರೇಪ್ ಹಾಸಿ, ಅದರಲ್ಲಿ ಸಿಕ್ಕ ಅಳತೆಯನ್ನು ಕಣ್ಣಂದಾಜಿನ ಜೊತೆ ಹೋಲಿಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಣ್ಣಂದಾಜು ಡ್ರೇಪಿನ ಅಳತೆಗಿಂತ ಶೇ. 33ರಷ್ಟು ಕಡಿಮೆ ಇತ್ತು. ಮೂರರಲ್ಲಿ ಒಂದು ಪಾಲು ರಕ್ತ ಯಾರ ಲೆಕ್ಕಕ್ಕೂ ಬಂದಿರಲಿಲ್ಲ! ಅದೇ ವರ್ಷ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸಹಾಯಕ ನರ್ಸ್-ಸೂಲಗಿತ್ತಿಯರಾದ ಎಎನ್‌ಎಂ ಸಹೋದರಿಯರು ಹೆರಿಗೆ ಮಾಡಿಸಿ ನಡೆಸಿದ, ಗರ್ಭಕೋಶ ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗವೂ ಪ್ರಕಟವಾಯಿತು. 1,620 ತಾಯಂದಿರು ಪಾಲ್ಗೊಂಡಿದ್ದ ಆ ಪ್ರಯೋಗದಲ್ಲೂ ರಕ್ತ ಅಳೆದದ್ದು ಇಂಥದೇ ಡ್ರೇಪಿನಲ್ಲಿ. ಮಾತ್ರೆ ನುಂಗಿದವರಲ್ಲಿ ಪಿಪಿಎಚ್ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಹಳ್ಳಿಯಲ್ಲಿ ಒಬ್ಬೊಬ್ಬರೇ ನಿಂತು ಹೆರಿಗೆ ಮಾಡಿಸುವ ಆ ಹೆಣ್ಣುಮಕ್ಕಳ ಕೈಯಿಂದ ಇಷ್ಟು ದೊಡ್ಡ ಕೆಲಸವಾಯಿತು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಆ ಡ್ರೇಪ್ ನೋಡಲು ಏನೂ ವಿಶೇಷವಿಲ್ಲ. ಮೇಲಿನ ಭಾಗ ಹಾಳೆಯಂತೆ ತಾಯಿಯ ಕೆಳಗೆ ಹೋಗುತ್ತದೆ. ಕೆಳಭಾಗ ಕಿರಿದಾಗುತ್ತಾ ಪಾರದರ್ಶಕ ಚೀಲವಾಗಿ ಮಂಚದ ಅಂಚಿನಿಂದ ಇಳಿಬೀಳುತ್ತದೆ. ಗೆರೆಗಳಿರುವುದು ಅದರ ಮೇಲೆ. ಗರ್ಭದ ನೀರೆಲ್ಲ ಹೋಗಿ ಮಗು ಹೊರಬಂದ ಮೇಲೆಯೇ ಹಾಸಬೇಕು, ಇಲ್ಲದಿದ್ದರೆ ಅಳತೆ ಕೆಡುತ್ತದೆ.

2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ 'ಇ-ಮೋಟಿವ್' ಪ್ರಯೋಗ ಈ ಚೀಲಕ್ಕೆ ಸಲ್ಲಬೇಕಾದ ಬೆಲೆ ತಂದುಕೊಟ್ಟಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳು. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಏನೆಂದರೆ, ಹೋಲಿಕೆಗೆ ಇಟ್ಟುಕೊಂಡ ಆಸ್ಪತ್ರೆಗಳಲ್ಲೂ ರಕ್ತ ಸಂಗ್ರಹಿಸಲು ಡ್ರೇಪ್ ಇತ್ತು. ಆದರೆ ಅದರ ಮೇಲೆ ಗೆರೆ ಇರಲಿಲ್ಲ. ಅಲ್ಲಿ ಪಿಪಿಎಚ್ ಪತ್ತೆಯಾದದ್ದು ಶೇ. 51ರಷ್ಟು ಪ್ರಕರಣಗಳಲ್ಲಿ. ಗೆರೆಯ ಡ್ರೇಪ್ ಬಳಸಿ, ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಶೇ. 93. ಒಂದು ಲೀಟರಿಗೂ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ರಕ್ತಸ್ರಾವದಿಂದ ಸಾವು, ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗೆರೆ ಇಲ್ಲದ ಕಡೆ ಶೇ. 4.3, ಗೆರೆ ಇದ್ದ ಕಡೆ ಶೇ. 1.6. ಸಾವಿನ ಸಂಖ್ಯೆ ಎರಡೂ ಕಡೆ ಕಡಿಮೆ ಇದ್ದದ್ದರಿಂದ ಸಾವು ಇಳಿಯಿತು ಎಂದು ಈ ಪ್ರಯೋಗದಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೂ ಲೀಟರುಗಟ್ಟಲೆ ರಕ್ತ ಕಳೆದುಕೊಂಡು ಐಸಿಯುಗೆ ಹೋದ ತಾಯಿಯನ್ನು ಕಂಡವರಿಗೆ ಈ ಅಂತರ ಎಷ್ಟು ದೊಡ್ಡದು ಎಂದು ಗೊತ್ತು.

ಗೆರೆಯದಷ್ಟೇ ಪಾತ್ರವಲ್ಲ. ಮೊದಲ ಒಂದು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಚೀಲ, ನಾಡಿ, ಬಿಪಿ, ಗರ್ಭಕೋಶದ ಬಿಗಿ ನೋಡಿ ಬರೆಯಬೇಕು. ಪಿಪಿಎಚ್ ಎಂದು ಗೊತ್ತಾದ ಕೂಡಲೇ ಐದು ಕೆಲಸ ಒಟ್ಟಿಗೇ ನಡೆಯಬೇಕು: ಗರ್ಭಕೋಶ ತಿಕ್ಕುವುದು, ಅದನ್ನು ಕುಗ್ಗಿಸುವ ಆಕ್ಸಿಟೋಸಿನ್‌ನಂಥ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಮಿಕ್ ಆಮ್ಲದ ಇಂಜೆಕ್ಷನ್, ಡ್ರಿಪ್, ಮತ್ತು ಮಾಸಿನ ಚೂರು ಒಳಗೆ ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ ಎಂಬ ಪರೀಕ್ಷೆ. ಹಿಂದಿನಿಂದ ಬಂದ ರೂಢಿ ಬೇರೆ. ಒಂದು ಇಂಜೆಕ್ಷನ್ ಕೊಟ್ಟು ಕಾಯುವುದು, ನಿಲ್ಲಲಿಲ್ಲವೆಂದರೆ ಇನ್ನೊಂದು, ಆಮೇಲೆ ಡಾಕ್ಟರಿಗೆ ಫೋನು. ಆ ಕಾಯುವಿಕೆಯಲ್ಲೇ ರಕ್ತ ಹೋಗುತ್ತದೆ. ಈ ಹೊಸ ಕ್ರಮದಲ್ಲಿ ನರ್ಸ್ ಯಾರ ಅಪ್ಪಣೆಗೂ ಕಾಯದೆ ಶುರುಮಾಡಬಹುದು. ನನ್ನ ಮಟ್ಟಿಗೆ ಇದರ ಜೀವಾಳವೇ ಅದು. 'ಜಾಸ್ತಿ ಹೋಗ್ತಿದೆ ಅನ್ಸುತ್ತೆ ಡಾಕ್ಟ್ರೇ' ಎನ್ನುವುದಕ್ಕೂ 'ಐನೂರು ದಾಟಿದೆ ಡಾಕ್ಟ್ರೇ, ಶುರು ಮಾಡಿದ್ದೀವಿ, ಬನ್ನಿ' ಎನ್ನುವುದಕ್ಕೂ ಇರುವ ವ್ಯತ್ಯಾಸ ರಾತ್ರಿ ಪಾಳಿ ಮಾಡಿದವರಿಗೆ ತಿಳಿಯುತ್ತದೆ.

ಟ್ರಾನೆಕ್ಸಮಿಕ್ ಆಮ್ಲದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ. ಪ್ರಕಟಿಸಿದ್ದು 1962ರಲ್ಲಿ. ಹೆರಿಗೆಯ ರಕ್ತಸ್ರಾವಕ್ಕೆ ಇದು ಆಗಬಹುದು ಎಂಬ ಆಸೆ ಉಟಾಕೊ ಅವರಿಗಿತ್ತು. ಆಗ ವೈದ್ಯರು ಯಾರೂ ಪರೀಕ್ಷಿಸಿ ನೋಡಲು ಮುಂದೆ ಬರಲಿಲ್ಲ. ಕೊನೆಗೂ 20 ಸಾವಿರ ತಾಯಂದಿರ ಮೇಲೆ 'ವುಮನ್' ಪ್ರಯೋಗ ನಡೆಯಿತು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗುತ್ತದೆ ಎಂದು ಗೊತ್ತಾದದ್ದು 2017ರಲ್ಲಿ. ಉಟಾಕೊ ಅದರ ಹಿಂದಿನ ವರ್ಷ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಐವತ್ತೈದು ವರ್ಷ! ಆ ಅವಧಿಯಲ್ಲಿ ಹೋದ ಜೀವಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. ಅಳತೆಯ ಡ್ರೇಪ್ ಬಳಸಿ ಎಂದಿತು. ಅದಕ್ಕಿಂತ ದೊಡ್ಡ ಬದಲಾವಣೆ, ಅರ್ಧ ಲೀಟರ್ ಆಗುವವರೆಗೂ ಕಾಯಬೇಡಿ ಎಂದದ್ದು. 300 ಮಿಲಿ ಹೋಗಿ, ನಾಡಿ ಏರಿದ್ದರೆ ಅಥವಾ ಬಿಪಿ ಇಳಿದಿದ್ದರೆ ಅಲ್ಲೇ ಚಿಕಿತ್ಸೆ ಶುರು. ಕಷ್ಟಪಟ್ಟು ಕೆಲಸ ಮಾಡುವ ಆರೋಗ್ಯವಂತ ಹೆಣ್ಣುಮಗಳು ಅರ್ಧ ಲೀಟರ್ ತಡೆದುಕೊಂಡಾಳು. ರಕ್ತಹೀನತೆಯಿಂದ ಬರೀ ಏಳು ಗ್ರಾಂ ಹಿಮೋಗ್ಲೋಬಿನ್ ಇಟ್ಟುಕೊಂಡು ಹೆರಿಗೆಗೆ ಬಂದವಳಿಗೆ ಅದರ ಅರ್ಧವೂ ಅಪಾಯವೇ.

ಇಲ್ಲೇ ನನಗೆ ಇನ್ನೊಂದು ಪ್ರಯೋಗ ಮುಖ್ಯವೆನಿಸುವುದು. ರಕ್ತಹೀನತೆ ಇರುವ ತಾಯಂದಿರಿಗೆ ಪಿಪಿಎಚ್ ಆಗದಂತೆ ಮೊದಲೇ ಟ್ರಾನೆಕ್ಸಮಿಕ್ ಕೊಟ್ಟರೆ ಹೇಗೆ ಎಂದು 'ವುಮನ್-2' ಪ್ರಯೋಗ 15 ಸಾವಿರ ತಾಯಂದಿರಲ್ಲಿ ಪರೀಕ್ಷಿಸಿತು. 2023ರಲ್ಲಿ ಬಂದ ಉತ್ತರ: ಪಿಪಿಎಚ್ ಕಡಿಮೆಯಾಗಲಿಲ್ಲ, ಪಡೆದವರಲ್ಲಿ ಶೇ. 7, ಪಡೆಯದವರಲ್ಲಿ ಶೇ. 6.6. ರಕ್ತದ ಕೊರತೆಯನ್ನು ಹೆರಿಗೆ ಮೇಜಿನ ಮೇಲೆ ಒಂದು ಇಂಜೆಕ್ಷನ್ನಿನಿಂದ ತುಂಬಲಾಗುವುದಿಲ್ಲ. ಅದು ಗರ್ಭಿಣಿಯಾಗಿದ್ದಾಗಲೇ, ಕಬ್ಬಿಣದ ಮಾತ್ರೆಯಿಂದ, ಬೇಕಾದರೆ ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣಾಂಶದಿಂದ ಆಗಬೇಕಾದ ಕೆಲಸ. ಮಾತ್ರೆ ತಿಂದರೆ ವಾಕರಿಕೆ, ಮಲಬದ್ಧತೆ ಎಂದು ಬಿಟ್ಟವರು ನನಗೆ ಸಾಕಷ್ಟು ಸಿಗುತ್ತಾರೆ. ಬಿಟ್ಟದ್ದಕ್ಕೆ ಗದರುವ ಬದಲು ಬೇರೆ ಮಾತ್ರೆ, ಬೇರೆ ಹೊತ್ತು, ಬೇರೆ ದಾರಿ ಯಾವುದಿದೆ ಎಂದು ಅವರ ಜೊತೆ ಕೂತು ನೋಡಬೇಕು.

ಸಿಸೇರಿಯನ್ ಬಗ್ಗೆ ಇ-ಮೋಟಿವ್ ಪ್ರಯೋಗ ಏನೂ ಹೇಳುವುದಿಲ್ಲ, ಅದು ನಡೆದದ್ದು ಸಹಜ ಹೆರಿಗೆಗಳಲ್ಲಿ ಮಾತ್ರ. ಆಪರೇಷನ್ ಥಿಯೇಟರಿನಲ್ಲಿ ರಕ್ತ ಹೀರಿ ತುಂಬುವ ಸಕ್ಷನ್ ಬಾಟಲಿಯಲ್ಲಿ ಇರುವುದು ರಕ್ತವೆಷ್ಟು, ನೀರೆಷ್ಟು ಎಂದು ಈಗಲೂ ಊಹೆ ಮಾಡುತ್ತೇವೆ. ರಕ್ತ ಒರೆಸುವ ಬಟ್ಟೆಯ ಮಾಪ್‌ಗಳನ್ನು ತೂಗಿ ನೋಡುವ ಅಭ್ಯಾಸ ಎಲ್ಲ ಕಡೆ ಇಲ್ಲ. ಒಂದು ತಕ್ಕಡಿ, ಒಬ್ಬ ಸಹಾಯಕಿ ಇದ್ದರೆ ಇವತ್ತೇ ಶುರು ಮಾಡಬಹುದು.